ಮುಅತಝಿಲಾ: ಅವರನ್ನು ಬರೀ 'ವಿಚಾರವಾದಿಗಳು' ಅಂದರೆ ಸಾಕಾ?

ಹಳೆಪುಟ

ಇಸ್ಲಾಮಿನ ಹಳೆಯ ಚಿಂತನೆಯ ಬಗ್ಗೆ ಕನ್ನಡದಲ್ಲಿ ಏನೇ ಓದಿದರೂ ಮುಅತಝಿಲಾ ಪಂಥದ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. 'ಅವರು ವಿಚಾರವಾದಿಗಳು, ಬುದ್ಧಿಗೆ ಮೊದಲ ಜಾಗ ಕೊಟ್ಟರು, ಸಂಪ್ರದಾಯದವರು ಅವರನ್ನು ತುಳಿದರು.' ಕಥೆ ಮುಗೀತು. ಕೆಲವು ವರ್ಷಗಳಿಂದ ಇವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಆ ಒಂದು ಸಾಲು ನನಗೆ ಒಪ್ಪಿಗೆಯಾಗುತ್ತಿಲ್ಲ. ಬುದ್ಧಿ ಅವರ ಕೈಯಲ್ಲಿದ್ದ ದೀಪ, ನಿಜ. ಆದರೆ ಆ ದೀಪ ಹಿಡಿದು ಅವರು ಹುಡುಕಿದ್ದು ನ್ಯಾಯವನ್ನು. ದೇವರು ನ್ಯಾಯವಂತ ಅನ್ನುವ ಮಾತಿಗೆ ನಿಜವಾಗಿ ಏನು ಅರ್ಥ? ಇದು ಅವರನ್ನು ಬಿಡದೆ ಕಾಡಿದ ಪ್ರಶ್ನೆ. ಅವರು ತಮ್ಮನ್ನು ಕರೆದುಕೊಂಡದ್ದೂ 'ನ್ಯಾಯ ಮತ್ತು ಏಕತ್ವದ ಜನ' ಅಂತ. 'ಮುಅತಝಿಲಾ', ಅಂದರೆ ದೂರ ಸರಿದವರು, ಅನ್ನುವ ಹೆಸರಿಗೆ ಬೇರೆಯದೇ ಕಥೆ ಇದೆ.

ಕಥೆ ನಡೆಯುವುದು ಇರಾಕಿನ ಬಸ್ರಾದಲ್ಲಿ. 8ನೇ ಶತಮಾನದ ಶುರು. ಅಲ್ಲಿನ ಮಸೀದಿಯಲ್ಲಿ ಹಸನ್ ಅಲ್ ಬಸ್ರಿ ಪಾಠ ಮಾಡುತ್ತಿದ್ದರು. ಅವರು ತೀರಿಹೋದದ್ದು 728ರಲ್ಲಿ. ಒಂದು ದಿನ ಯಾರೋ ಬಂದು ಕೇಳಿದರು: ದೊಡ್ಡ ಪಾಪ ಮಾಡಿದ ಮುಸ್ಲಿಮ ಇನ್ನೂ ವಿಶ್ವಾಸಿಯೋ, ಅಲ್ಲವೋ? ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. 657ರ ಸಿಫ್ಫೀನ್ ಯುದ್ಧದಲ್ಲಿ ಮುಸ್ಲಿಮರೇ ಮುಸ್ಲಿಮರ ಮೇಲೆ ಕತ್ತಿ ಎತ್ತಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು. ಖವಾರಿಜ್ ಪಂಥದವರು 'ಪಾಪಿ ಸತ್ಯನಿಷೇಧಿಯೇ, ಅವನ ರಕ್ತ ಹರಿಸಬಹುದು' ಅನ್ನುತ್ತಿದ್ದರು. ಮುರ್ಜಿಆ ಗುಂಪಿನವರು 'ಅವನು ವಿಶ್ವಾಸಿಯೇ, ತೀರ್ಪು ಅಲ್ಲಾಹನಿಗೆ ಬಿಡಿ' ಅನ್ನುತ್ತಿದ್ದರು. ಅಧಿಕಾರದಲ್ಲಿದ್ದ ಉಮಯ್ಯದ್ ದೊರೆಗಳಿಗೆ ಎರಡನೆಯ ಮಾತು ಹಿತವಾಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. 'ಆದದ್ದೆಲ್ಲ ದೈವನಿಶ್ಚಯ' ಅನ್ನುವ ಮಾತಂತೂ ಇನ್ನೂ ಹಿತವಾಗಿತ್ತು. ನಾವು ಗದ್ದುಗೆ ಏರಿದ್ದೂ ಅವನ ಇಚ್ಛೆ, ನಿಮ್ಮ ತಲೆ ಉರುಳಿದ್ದೂ ಅವನ ಇಚ್ಛೆ! ಮನುಷ್ಯನಿಗೆ ತನ್ನ ಕೆಲಸದ ಮೇಲೆ ಶಕ್ತಿಯಿದೆ ಎಂದ ಮಅಬದ್ ಅಲ್ ಜುಹನಿ, ಗೈಲಾನ್ ಇಬ್ಬರನ್ನೂ ಆ ಕಾಲದಲ್ಲೇ ಕೊಂದರು.

ಹಸನ್ ಉತ್ತರ ಕೊಡುವ ಮೊದಲೇ ಶಿಷ್ಯ ವಾಸಿಲ್ ಬಿನ್ ಅತಾ ಎದ್ದು ಹೇಳಿದನಂತೆ: 'ಅವನು ವಿಶ್ವಾಸಿಯೂ ಅಲ್ಲ, ಸತ್ಯನಿಷೇಧಿಯೂ ಅಲ್ಲ. ಎರಡು ನೆಲೆಗಳ ನಡುವಿನ ನೆಲೆಯಲ್ಲಿದ್ದಾನೆ.' ಹಾಗೆ ಹೇಳಿ ಮಸೀದಿಯ ಇನ್ನೊಂದು ಕಂಬದ ಹತ್ತಿರ ಹೋಗಿ ಕೂತು ತನ್ನ ಮಾತು ವಿವರಿಸತೊಡಗಿದ. 'ವಾಸಿಲ್ ನಮ್ಮಿಂದ ಸರಿದ' ಎಂದರು ಹಸನ್. 'ಸರಿದ' ಅನ್ನುವುದಕ್ಕೆ ಅರಬಿಯಲ್ಲಿ 'ಇಅತಝಲ'. ಈ ಕಥೆಗೆ ಬೇರೆ ರೂಪಗಳೂ ಇವೆ. ಕೆಲವರು ಇದೇ ಮಾತನ್ನು ವಾಸಿಲನ ಜೊತೆಗಾರ ಅಮ್ರ್ ಬಿನ್ ಉಬೈದ್ ಮೇಲೆ ಹೇಳುತ್ತಾರೆ. ಹಾಗಾಗಿ ಇದನ್ನೇ ಇತಿಹಾಸ ಅಂತ ಗಟ್ಟಿಯಾಗಿ ಹಿಡಿಯಬೇಡಿ.

ಮುಂದೆ ಇದೇ ಬಸ್ರಾದಲ್ಲಿ ಅಬುಲ್ ಹುದೈಲ್ ಮುಂತಾದವರು ಈ ಮಾತುಗಳನ್ನು ಐದು ಮೂಲತತ್ವಗಳಾಗಿ ಕಟ್ಟಿದರು. ದೇವರ ಏಕತ್ವ, ದೇವರ ನ್ಯಾಯ, ವಾಗ್ದಾನ ಮತ್ತು ಎಚ್ಚರಿಕೆ, ನಡುವಿನ ನೆಲೆ, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು. ನನ್ನ ಮನಸ್ಸು ನಿಲ್ಲುವುದು ಎರಡನೆಯದರಲ್ಲಿ. ಅವರ ವಾದ ಹೀಗೆ ಹೋಗುತ್ತದೆ. ಸುಳ್ಳು, ಅನ್ಯಾಯ ಕೆಟ್ಟವು ಅಂತ ತಿಳಿಯಲು ಮನುಷ್ಯನಿಗೆ ಗ್ರಂಥ ಬೇಕಿಲ್ಲ, ಬುದ್ಧಿಯೇ ಸಾಕು. ದೇವರು ಬೇಡ ಎಂದದ್ದರಿಂದ ಅನ್ಯಾಯ ಕೆಟ್ಟದ್ದಾಗಲಿಲ್ಲ. ಅದು ಕೆಟ್ಟದ್ದಾದ್ದರಿಂದಲೇ ದೇವರು ಬೇಡ ಎಂದ. ದೇವರು ಕೆಟ್ಟದ್ದನ್ನು ಮಾಡುವುದಿಲ್ಲ. ಹಾಗಿದ್ದರೆ ಮನುಷ್ಯ ಮಾಡುವ ಕೆಟ್ಟ ಕೆಲಸ ದೇವರು ಮಾಡಿಸಿದ್ದಾಗಲು ಸಾಧ್ಯವಿಲ್ಲ. ಅದು ಮನುಷ್ಯನದೇ. ಮಾಡಿಸಿದವನೇ ಶಿಕ್ಷೆಯನ್ನೂ ಕೊಟ್ಟರೆ ಅದೆಂಥ ನ್ಯಾಯ?

ಉಮಯ್ಯದ್ ದೊರೆಯ ಮುಂದೆ ಈ ಮಾತು ಹೇಳುವುದಕ್ಕೆ ಎಷ್ಟು ಎದೆ ಬೇಕಿತ್ತು, ಯೋಚಿಸಿ.

ಪ್ರಶ್ನೆಚಿಹ್ನೆ

ಚೆನ್ನಾಗಿ ಬರೆದಿದ್ದೀರಿ. ಒಂದು ಗೊಂದಲ. ನಾನು ಕೇಳಿದ್ದು 'ಕುರ್‌ಆನ್ ಸೃಷ್ಟಿಯಾದದ್ದು' ಅಂತ ಅವರು ಹೇಳಿದ್ದಕ್ಕೇ ಜಗಳ ಆಯಿತು ಅಂತ. ಗ್ರಂಥ ದೇವರದ್ದು ಅಂತ ಎರಡೂ ಕಡೆ ಒಪ್ಪಿದ್ದಾರೆ ಅಲ್ವಾ? ಮತ್ತೆ ಅದು ಸೃಷ್ಟಿಯೋ ಅನಾದಿಯೋ ಅಂತ ಯಾಕಷ್ಟು ಹೊಡೆದಾಟ? ನಮ್ಮಲ್ಲಿ ಮೀಮಾಂಸಕರು ವೇದ ಅಪೌರುಷೇಯ ಅನ್ನುತ್ತಾರೆ, ನ್ಯಾಯದವರು ಅದು ಈಶ್ವರನ ಮಾತು ಅನ್ನುತ್ತಾರೆ. ಇದೂ ಅದೇ ತರಹವಾ?

ಹಳೆಪುಟ

ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. ಆದರೆ ಭಯ ಬೇರೆ. ಮೀಮಾಂಸಕರಿಗೆ ವೇದಕ್ಕೆ ಕರ್ತೃವೇ ಬೇಡ. ಇಲ್ಲಿ ಎರಡೂ ಕಡೆಯವರಿಗೆ ಕುರ್‌ಆನ್ ಅಲ್ಲಾಹನ ಮಾತೇ. ಮುಅತಝಿಲಾದವರ ಭಯ ಏಕತ್ವದ್ದು. ಅನಾದಿಯಾದದ್ದು ಒಂದೇ, ಅದು ದೇವರು. ಅವನ ಪಕ್ಕದಲ್ಲಿ ಮಾತು ಅನ್ನುವ ಇನ್ನೊಂದು ಅನಾದಿ ವಸ್ತು ಇಟ್ಟರೆ ಎರಡಾಯಿತು. ಆ ಊರುಗಳಲ್ಲಿ ಕ್ರೈಸ್ತರ ಜೊತೆ ದಿನವೂ ವಾದ ನಡೆಯುತ್ತಿತ್ತು. ದೇವರ ವಚನ ಅನಾದಿ ಅಂತ ಒಪ್ಪಿದರೆ 'ನಾವೂ ಕ್ರಿಸ್ತನ ಬಗ್ಗೆ ಅದನ್ನೇ ಹೇಳುವುದು' ಅಂತ ಅವರು ಹೇಳುವುದಿಲ್ಲವೇ?

ಗುಣಗಳ ವಿಷಯದಲ್ಲೂ ಅಷ್ಟೇ. 'ದೇವರಿಗೆ ಜ್ಞಾನ ಇದೆ' ಅಂದರೆ ದೇವರು ಒಂದು, ಜ್ಞಾನ ಇನ್ನೊಂದು ಅಂತಾಗಿಬಿಡುತ್ತದೆ ಅಂತ ಅವರ ಚಿಂತೆ. ಅದಕ್ಕೇ ಅಬುಲ್ ಹುದೈಲ್ 'ಅವನು ಬಲ್ಲವನು, ಯಾವ ಜ್ಞಾನದಿಂದ ಬಲ್ಲನೋ ಆ ಜ್ಞಾನ ಅವನೇ' ಎಂದ. ಕುರ್‌ಆನಿನಲ್ಲಿ ದೇವರ ಕೈ ಅಂತ ಬಂದರೆ ಶಕ್ತಿ ಅಥವಾ ಕೃಪೆ ಅಂತ ಅರ್ಥ ಮಾಡಿದರು. ಪರಲೋಕದಲ್ಲೂ ದೇವರನ್ನು ಕಣ್ಣಿಂದ ನೋಡಲಾಗದು ಎಂದರು. 'ದೃಷ್ಟಿಗಳು ಅವನನ್ನು ಮುಟ್ಟಲಾರವು' ಅನ್ನುವ 6:103ನೇ ವಚನ ಅವರ ಆಧಾರ.

ದಾಖಲೆಪೆಟ್ಟಿಗೆ

ಇಷ್ಟೆಲ್ಲ ಬರೆದು ಮಿಹ್ನಾ, ಅಂದರೆ ಖಲೀಫರು ಪಂಡಿತರ ನಂಬಿಕೆಯ ಮೇಲೆ ನಡೆಸಿದ ವಿಚಾರಣೆ, ಅದರ ಬಗ್ಗೆ ಒಂದು ಮಾತೂ ಇಲ್ಲ. ಅದು ನನಗೆ ಸರಿ ಅನ್ನಿಸಲಿಲ್ಲ. 'ಎದೆ ಬೇಕಿತ್ತು' ಅಂದಿರಲ್ಲ, ಸುಮಾರು ನೂರು ವರ್ಷ ಆದ ಮೇಲೆ ಅದೇ ಎದೆ ಯಾರ ಕಡೆ ಇತ್ತು ಅಂತ ನೋಡೋಣ.

827ರಲ್ಲಿ ಅಬ್ಬಾಸಿದ್ ಖಲೀಫ ಅಲ್ ಮಅಮೂನ್ ಕುರ್‌ಆನ್ ಸೃಷ್ಟಿಯಾದದ್ದು ಅಂತ ಸಾರಿದ. 833ರಲ್ಲಿ ಬೈಜಾಂಟಿಯಮ್ ಮೇಲಿನ ದಂಡಯಾತ್ರೆಯಲ್ಲಿದ್ದಾಗ ಬಗ್ದಾದಿನ ತನ್ನ ಅಧಿಕಾರಿಗೆ ಪತ್ರ ಬರೆದ. ನ್ಯಾಯಾಧೀಶರನ್ನೂ ಹದೀಸ್ ಪಂಡಿತರನ್ನೂ ಒಬ್ಬೊಬ್ಬರಾಗಿ ಕರೆಸಿ ಕೇಳು, ಸೃಷ್ಟಿ ಅಂತ ಒಪ್ಪದವರಿಗೆ ಹುದ್ದೆ ಇಲ್ಲ, ಸಾಕ್ಷಿ ಹೇಳುವ ಹಕ್ಕೂ ಇಲ್ಲ. ಹೆಚ್ಚಿನವರು ಬಗ್ಗಿದರು. ಅವರನ್ನು ನಾನು ಹೀಯಾಳಿಸುವುದಿಲ್ಲ. ಹೆಂಡತಿ ಮಕ್ಕಳಿದ್ದವರು. ಕೊನೆಗೂ ಬಗ್ಗದೆ ಉಳಿದವರು ಅಹ್ಮದ್ ಬಿನ್ ಹನ್ಬಲ್ ಮತ್ತು ಮುಹಮ್ಮದ್ ಬಿನ್ ನೂಹ್. ಇಬ್ಬರಿಗೂ ಸಂಕೋಲೆ ಹಾಕಿ ಖಲೀಫನ ಬಳಿಗೆ ಕಳಿಸಿದರು. ಅವರಿನ್ನೂ ದಾರಿಯಲ್ಲಿರುವಾಗಲೇ ಮಅಮೂನ್ ಸತ್ತ. ವಾಪಸು ಬರುವ ದಾರಿಯಲ್ಲಿ ಇಬ್ನ್ ನೂಹ್ ಕೂಡ ತೀರಿಕೊಂಡ. ಇಬ್ನ್ ಹನ್ಬಲ್ ಎರಡು ವರ್ಷಕ್ಕಿಂತ ಜಾಸ್ತಿ ಸೆರೆಯಲ್ಲಿದ್ದರು. ಮುಂದಿನ ಖಲೀಫ ಅಲ್ ಮುಅತಸಿಮನ ಎದುರಿನಲ್ಲೇ ಚಾಟಿ ಏಟು ತಿಂದರು. ಅವರು ಹೇಳಿದ್ದು ಇಷ್ಟೇ: ಅಲ್ಲಾಹನ ಗ್ರಂಥದಿಂದಲೋ ಪ್ರವಾದಿಯ ನಡೆಯಿಂದಲೋ ಏನಾದರೂ ತೋರಿಸಿ, ಒಪ್ಪುತ್ತೇನೆ.

ಮುಂದೆ ಅಲ್ ವಾಸಿಕ್ ಕಾಲದಲ್ಲಿ ಇನ್ನೂ ಕೆಟ್ಟದ್ದಾಯಿತು. 845ರಲ್ಲಿ ಬೈಜಾಂಟಿಯಮ್ ಜೊತೆ ಸೆರೆಯಾಳುಗಳ ವಿನಿಮಯ ನಡೆದಾಗ, ಬಿಡುಗಡೆಯಾಗಿ ಬರುವ ಮುಸ್ಲಿಮ್ ಸೈನಿಕರನ್ನೂ ಇದೇ ಪ್ರಶ್ನೆ ಕೇಳಿದರು. ವರ್ಷಗಟ್ಟಲೆ ಪರರ ಸೆರೆಯಲ್ಲಿದ್ದು ಮನೆಗೆ ಹೊರಟವನನ್ನು ನದಿ ದಂಡೆಯಲ್ಲಿ ನಿಲ್ಲಿಸಿ 'ಕುರ್‌ಆನ್ ಸೃಷ್ಟಿಯೋ ಅಲ್ಲವೋ' ಅಂತ ಕೇಳುವುದು! 846ರಲ್ಲಿ ಅಹ್ಮದ್ ಬಿನ್ ನಸ್ರ್ ಅಲ್ ಖುಝಾಈ ಎಂಬ ಪಂಡಿತರ ತಲೆ ಕಡಿದರು. 847ರಲ್ಲಿ ಪಟ್ಟಕ್ಕೆ ಬಂದ ಅಲ್ ಮುತವಕ್ಕಿಲ್ ಕೆಲವು ವರ್ಷಗಳಲ್ಲಿ ಇದನ್ನು ನಿಲ್ಲಿಸಿದ. ಇದೆಲ್ಲ ನಡೆಯುವಾಗ ಮುಖ್ಯ ನ್ಯಾಯಾಧೀಶನಾಗಿದ್ದ ಇಬ್ನ್ ಅಬೀ ದುಆದ್ ಮುಅತಝಿಲಾದವನೇ. ನ್ಯಾಯದ ಜನ ಅಂತ ಹೆಸರಿಟ್ಟುಕೊಂಡವರು ಇದಕ್ಕೆ ಏನು ಉತ್ತರ ಕೊಡುತ್ತಾರೆ?

ಹಳೆಪುಟ

ಉತ್ತರ ಇಲ್ಲ. ನೀವು ಬರೆದದ್ದು ಅಕ್ಷರಕ್ಷರ ಸರಿ. ಮೊದಲ ಬರಹದಲ್ಲೇ ನಾನು ಇದನ್ನು ಸೇರಿಸಬೇಕಿತ್ತು. ಇಬ್ನ್ ಹನ್ಬಲ್ ಮುಂದೆ ತನ್ನನ್ನು ಹೊಡೆಸಿದ ಖಲೀಫನನ್ನೇ ಕ್ಷಮಿಸಿದರು ಅಂತ ಓದಿದಾಗ ನನಗೆ ತುಂಬಾ ಹೊತ್ತು ಮಾತು ಹೊರಡಲಿಲ್ಲ.

ಆದರೂ ಎರಡು ವಿಷಯ. ಒಂದು, ಸೃಷ್ಟಿವಾದ ಮುಅತಝಿಲಾದವರ ಸ್ವಂತ ಆಸ್ತಿ ಅಲ್ಲ. ಅವರಿಗಿಂತ ಮೊದಲೇ ಜಹ್ಮ್ ಬಿನ್ ಸಫ್ವಾನ್ ಇದನ್ನು ಹೇಳಿದ್ದ. ಅವನು ಮನುಷ್ಯನಿಗೆ ಯಾವ ಸ್ವಾತಂತ್ರ್ಯವೂ ಇಲ್ಲ ಎಂದವನು, ಮುಅತಝಿಲಾಕ್ಕೆ ಪೂರಾ ಉಲ್ಟಾ. ಮಅಮೂನನ ಸುತ್ತ ಇಂಥ ಹಲವು ಬಗೆಯ ಜನ ಇದ್ದರು. ಮತ್ತು ಖಲೀಫನ ಲೆಕ್ಕಾಚಾರವೇ ಬೇರೆ ಇತ್ತು. ಧರ್ಮದಲ್ಲಿ ಕೊನೆಯ ಮಾತು ಅರಮನೆಯದ್ದೋ, ಜನ ನಂಬುವ ಪಂಡಿತರದ್ದೋ ಅನ್ನುವ ಜಗಳ ಅದು.

ಎರಡು, ಅವರ ಮೊದಲ ತಲೆಮಾರು ಅರಮನೆಯಿಂದ ದೂರ ಇತ್ತು. ಅಮ್ರ್ ಬಿನ್ ಉಬೈದ್ ಖಲೀಫ ಮನ್ಸೂರನ ಹಣ ಮುಟ್ಟಲಿಲ್ಲ. ಮನ್ಸೂರನೇ ಹೇಳಿದನಂತೆ, 'ನೀವೆಲ್ಲರೂ ಬೇಟೆ ಹುಡುಕುವವರೇ, ಅಮ್ರ್ ಒಬ್ಬನನ್ನು ಬಿಟ್ಟು.' ಬೇಟೆ ಬೇಡ ಎಂದವನ ಶಿಷ್ಯರ ಶಿಷ್ಯರು ಬೇಟೆಯ ನಾಯಿಗಳ ಹಗ್ಗ ಹಿಡಿದರು. ಅದು ನನಗೆ ನೋವಿನ ಸಂಗತಿ. ಮಿಹ್ನಾ ಮುಗಿದ ಮೇಲೆ ಜನರ ಮನಸ್ಸಿನಲ್ಲಿ ಅವರ ಹೆಸರು ಮತ್ತೆ ಎದ್ದು ನಿಲ್ಲಲಿಲ್ಲ.

ಕಡಲತಡಿ

ನಾನು ದಕ್ಷಿಣ ಕನ್ನಡದವನು. ಬ್ಯಾರಿ ಮನೆ. ಆಚರಣೆಯಲ್ಲಿ ನಮ್ಮದು ಶಾಫಿಈ ಮದ್‌ಹಬ್, ಅಕೀದಾದಲ್ಲಿ, ಅಂದರೆ ನಂಬಿಕೆಯ ವಿಷಯದಲ್ಲಿ, ಅಶ್ಅರಿ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಮುಅತಝಿಲಾ ಅನ್ನುವ ಪದ ದಾರಿ ತಪ್ಪಿದವರ ಪಟ್ಟಿಯಲ್ಲಿ ಮಾತ್ರ ಕೇಳಿದ್ದು. ಅವರ ಮಾತನ್ನು ಅವರ ಕಡೆಯಿಂದ ಯಾರೋ ಕನ್ನಡದಲ್ಲಿ ಹೇಳಿದ್ದು ಇದೇ ಮೊದಲು ನೋಡಿದ್ದು. ಸಂತೋಷ ಆಯಿತು. ಆದರೂ ಅಶ್ಅರಿ ಕಡೆಯ ಮಾತು ಹೇಳದೆ ಹೋದರೆ ನನ್ನ ಉಸ್ತಾದರಿಗೆ ಅನ್ಯಾಯ ಮಾಡಿದಂತೆ.

ಅಬುಲ್ ಹಸನ್ ಅಲ್ ಅಶ್ಅರಿ (874–936) ಹೊರಗಿನಿಂದ ಕಲ್ಲು ಎಸೆದವರಲ್ಲ. ಬಸ್ರಾದ ಮುಅತಝಿಲಾ ಗುರು ಅಬೂ ಅಲೀ ಅಲ್ ಜುಬ್ಬಾಈ ಬಳಿ ಬೆಳೆದವರು. 40ರ ಹತ್ತಿರದ ವಯಸ್ಸಿನಲ್ಲಿ ಆ ಪಂಥ ಬಿಟ್ಟರು. ಗುರುವಿಗೆ ಅವರು ಕೇಳಿದ ಪ್ರಶ್ನೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೂವರು ಅಣ್ಣತಮ್ಮಂದಿರು. ಒಬ್ಬ ಒಳ್ಳೆಯವನಾಗಿ ಸತ್ತ, ಒಬ್ಬ ಸತ್ಯನಿಷೇಧಿಯಾಗಿ ಸತ್ತ, ಒಬ್ಬ ಮಗುವಾಗಿದ್ದಾಗಲೇ ಸತ್ತ. ಮೊದಲನೆಯವನಿಗೆ ಸ್ವರ್ಗ, ಎರಡನೆಯವನಿಗೆ ನರಕ, ಮಗು ಸುರಕ್ಷಿತ ಎಂದರು ಗುರು. ಮಗು ಕೇಳುತ್ತದೆ: 'ನನ್ನನ್ನು ಬದುಕಲು ಬಿಟ್ಟಿದ್ದರೆ ನಾನೂ ಅಣ್ಣನ ಹಾಗೆ ಎತ್ತರಕ್ಕೆ ಏರುತ್ತಿದ್ದೆ, ಯಾಕೆ ಬಿಡಲಿಲ್ಲ?' ದೇವರು ಹೇಳುತ್ತಾನೆ: 'ನೀನು ದೊಡ್ಡವನಾದರೆ ಪಾಪಿಯಾಗುತ್ತಿದ್ದೆ, ನಿನಗೆ ಒಳ್ಳೆಯದಾಗಲಿ ಅಂತಲೇ ಬೇಗ ಕರೆದುಕೊಂಡೆ.' ಆಗ ನರಕದಿಂದ ಎರಡನೆಯವನು ಕೂಗುತ್ತಾನೆ: 'ಹಾಗಾದರೆ ನನ್ನನ್ನೂ ಯಾಕೆ ಮಗುವಾಗಿದ್ದಾಗಲೇ ಕರೆದುಕೊಳ್ಳಲಿಲ್ಲ?' ಗುರುವಿನ ಬಾಯಿ ಕಟ್ಟಿತು.

ನಮ್ಮವರು ಹೇಳುವುದು, ದೇವರನ್ನು ನಮ್ಮ ತಕ್ಕಡಿಯಲ್ಲಿ ಇಟ್ಟು ತೂಗಬೇಡಿ ಅಂತ. ಎಲ್ಲವೂ ಅವನದ್ದೇ. ತನ್ನದೇ ಆದದ್ದರಲ್ಲಿ ಅವನು ಏನು ಮಾಡಿದರೂ ಅನ್ಯಾಯ ಅನ್ನುವ ಪದ ಅಲ್ಲಿ ನಿಲ್ಲುವುದಿಲ್ಲ. ಕೆಲಸವನ್ನು ಸೃಷ್ಟಿಸುವವನು ಅವನು, ಅದನ್ನು ಗಳಿಸಿಕೊಳ್ಳುವವನು ಮನುಷ್ಯ. ಇದಕ್ಕೆ ಕಸ್ಬ್ ಅನ್ನುತ್ತಾರೆ.

ಇನ್ನೊಂದು. ನೀವು ಮೂರನೆಯ ತತ್ವವನ್ನು ಹೆಸರು ಹೇಳಿ ದಾಟಿಬಿಟ್ಟಿರಿ. 'ವಾಗ್ದಾನ ಮತ್ತು ಎಚ್ಚರಿಕೆ' ಅಂದರೆ, ದೊಡ್ಡ ಪಾಪ ಮಾಡಿ ಪಶ್ಚಾತ್ತಾಪ ಪಡದೆ ಸತ್ತವನಿಗೆ ಶಾಶ್ವತ ನರಕ. ಶಿಫಾರಸು ಇಲ್ಲ. ದೇವರು ಆಡಿದ ಮಾತು ತಪ್ಪುವಂತಿಲ್ಲ. ನಮ್ಮ ಅಕೀದಾದಲ್ಲಿ ಎಂಥ ಪಾಪಿಗೂ ಈಮಾನ್ (ವಿಶ್ವಾಸ) ಇದ್ದರೆ ಆಸೆ ಇದೆ. ಪ್ರವಾದಿಯ ಶಿಫಾರಸು ಇದೆ. ಅಲ್ಲಾಹ ಬಯಸಿದರೆ ಕ್ಷಮಿಸುತ್ತಾನೆ. ನನ್ನ ಅಜ್ಜಿ ಪ್ರತಿ ರಾತ್ರಿ ಕಣ್ಣೀರು ಹಾಕಿ ದುಆ ಮಾಡುತ್ತಿದ್ದದ್ದು ಆ ಆಸೆಯಿಂದಲೇ. ಅವರ ನ್ಯಾಯದಲ್ಲಿ ನನ್ನ ಅಜ್ಜಿಯ ಕಣ್ಣೀರಿಗೆ ಜಾಗ ಎಲ್ಲಿ?

ಹಳೆಪುಟ

ಈ ಪ್ರಶ್ನೆಗೆ ತಲೆಬಾಗುತ್ತೇನೆ. 'ಉದಾರವಾದಿಗಳು' ಅಂತ ಅವರನ್ನು ಹೊಗಳುವವರು ಮೂರನೆಯ ತತ್ವವನ್ನು ಓದಿರುವುದಿಲ್ಲ. ಅವರ ನ್ಯಾಯ ಗಡುಸು. ಪಶ್ಚಾತ್ತಾಪದ ಬಾಗಿಲು ಬದುಕಿರುವವರೆಗೂ ತೆರೆದಿರುತ್ತದೆ, ಆದ್ದರಿಂದ ನಿಮ್ಮ ಅಜ್ಜಿಯ ಕಣ್ಣೀರಿಗೆ ಖಂಡಿತ ಜಾಗ ಇದೆ. ಸತ್ತ ಮೇಲೆ ಮಾತ್ರ ಬಾಗಿಲು ಮುಚ್ಚುತ್ತದೆ.

ಮೂವರು ಅಣ್ಣತಮ್ಮಂದಿರ ಕಥೆ ಅದ್ಭುತವಾಗಿದೆ. ಆದರೆ ಅದು ಆಮೇಲೆ ಹುಟ್ಟಿದ ಕಥೆ ಅಂತಲೇ ಹಲವು ವಿದ್ವಾಂಸರ ಅಭಿಪ್ರಾಯ. ಕಾರಣ ಇದೆ. ಅತಿ ಒಳ್ಳೆಯದನ್ನೇ ಮಾಡುವುದು ದೇವರಿಗೆ ಎಲ್ಲ ವಿಷಯದಲ್ಲೂ ಕಡ್ಡಾಯ ಎಂದವರು ಬಗ್ದಾದಿನ ಶಾಖೆಯವರು. ಬಸ್ರಾದವರು ಅಷ್ಟು ದೂರ ಹೋಗಲಿಲ್ಲ. ಧರ್ಮದ ಹೊಣೆ ಹೊರಿಸಿದ ಮೇಲೆ ಅದಕ್ಕೆ ಬೇಕಾದ ನೆರವು ಕೊಡಬೇಕು ಎಂದರು, ಅಷ್ಟೇ. ಜುಬ್ಬಾಈ ಬಸ್ರಾದವರು. ಹಾಗಾಗಿ ಆ ಬಾಣ ತಾಗಬೇಕಾದದ್ದು ಪಕ್ಕದ ಮನೆಗೆ.

ರಾತ್ರಿಪಾಳಿ

ನಾನು ನರ್ಸ್. ಮಕ್ಕಳ ವಾರ್ಡಿನಲ್ಲಿ ಕೆಲಸ. ಧರ್ಮಶಾಸ್ತ್ರ ಏನೂ ಓದಿಲ್ಲ. ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಇದನ್ನೆಲ್ಲ ಓದಿದೆ. ದೊಡ್ಡವರ ಪಾಪ, ಶಿಕ್ಷೆ ಎಲ್ಲ ಒಂದು ಕಡೆ ಇರಲಿ. ಎರಡು ವರ್ಷದ ಮಗು ರಾತ್ರಿಯೆಲ್ಲ ನೋವಲ್ಲಿ ಅಳುತ್ತದೆ. ಅದು ಯಾವ ಪಾಪವನ್ನೂ ಮಾಡಿಲ್ಲ. ಅದಕ್ಕೆ ಆಯ್ಕೆಯೂ ಇಲ್ಲ. ತಂದೆತಾಯಿ ನನ್ನ ಮುಖ ನೋಡುತ್ತಾರೆ. ದೇವರು ನ್ಯಾಯವಂತ ಅಂತ ಅಷ್ಟು ಗಟ್ಟಿಯಾಗಿ ಹೇಳಿದ ಈ ಜನ ಆ ಮಗುವಿನ ಬಗ್ಗೆ ಏನಾದರೂ ಹೇಳಿದ್ದಾರಾ? ಅಥವಾ ಅವರೂ ದಾಟಿ ಹೋದರಾ?

ಹಳೆಪುಟ

ದಾಟಿ ಹೋಗಲಿಲ್ಲ. ನಾನು ಅವರನ್ನು ಬಿಡದೆ ಓದುವುದೂ ಇದಕ್ಕೇ.

ಸುಲಭದ ದಾರಿಗಳು ಅವರ ಮುಂದೆ ಇದ್ದವು. ಮಗು ಹಿಂದಿನ ಜನ್ಮದಲ್ಲಿ ಏನೋ ಮಾಡಿತ್ತು ಅನ್ನಬಹುದಿತ್ತು. ಆ ಮಾತು ಅವರ ಕಿವಿಗೂ ಬಿದ್ದಿತ್ತು, ಹೆಚ್ಚಿನವರು ತಳ್ಳಿಹಾಕಿದರು. ನೋವು ದೇವರಿಂದ ಬಂದದ್ದಲ್ಲ ಅನ್ನಬಹುದಿತ್ತು, ಅದನ್ನೂ ಹೇಳಲಿಲ್ಲ. ಅವರು ಹೇಳಿದ್ದು: ತಪ್ಪೇ ಮಾಡದ ಜೀವಕ್ಕೆ ನೋವು ಬಂದರೆ ಅದು ಸಾಲ. ದೇವರು ಅದನ್ನು ತೀರಿಸಲೇಬೇಕು. ಈ ಸಾಲ ತೀರಿಸುವುದಕ್ಕೆ ಇವದ್ ಅನ್ನುತ್ತಾರೆ, ಪರಿಹಾರ ಅಂತ ಅರ್ಥ. ಮಗುವಿಗೆ ಸಿಗುವುದು ಎಷ್ಟಿರಬೇಕು ಎಂದರೆ, ಅದಕ್ಕೆ ಬುದ್ಧಿ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ 'ಸರಿ, ಒಪ್ಪಿದೆ' ಅನ್ನುವಷ್ಟು. 'ಅವನ ಲೀಲೆ' ಅಂತ ಹೇಳಿ ಬಾಯಿ ಮುಚ್ಚಿಸುವುದಲ್ಲ. ಲೆಕ್ಕ ಇಡಬೇಕು.

ಇಲ್ಲಿ ಜುಬ್ಬಾಈ ಅಪ್ಪ ಮಗನಿಗೇ ಜಗಳ ಬಂತು. ಅಪ್ಪ ಅಬೂ ಅಲೀ ಪರಿಹಾರ ಕೊಟ್ಟರೆ ನೋವು ಅನ್ಯಾಯ ಅಲ್ಲ, ಮುಗೀತು ಎಂದರು. ಮಗ ಅಬೂ ಹಾಶಿಮ್ (ತೀರಿಹೋದದ್ದು 933) ಒಪ್ಪಲಿಲ್ಲ. ಅವರ ಕಡೆಯವರು ಕೊಡುವ ಉದಾಹರಣೆ ಕೇಳಿ. ಒಬ್ಬ ಕೂಲಿಯವನನ್ನು ಕರೆದು 'ಈ ನೀರನ್ನು ಇಲ್ಲಿಂದ ಎತ್ತಿ ಅಲ್ಲಿ ಸುರಿ' ಅಂತ ಹೇಳುತ್ತೀರಿ. ಯಾರಿಗೂ ಉಪಯೋಗವಿಲ್ಲದ ಕೆಲಸ. ಸಂಜೆ ಪೂರ್ತಿ ಕೂಲಿ ಕೊಡುತ್ತೀರಿ. ಅವನಿಗೆ ಅನ್ಯಾಯ ಆಗಲಿಲ್ಲ, ಸರಿ. ಆದರೆ ಅವನ ದುಡಿಮೆಯನ್ನು ವ್ಯರ್ಥ ಮಾಡಿದಿರಿ ಅಲ್ವಾ? ವ್ಯರ್ಥವೂ ಕೆಟ್ಟದ್ದೇ. ಆದ್ದರಿಂದ ಪರಿಹಾರ ಒಂದೇ ಸಾಲದು. ಆ ನೋವಿನಿಂದ ಯಾರಿಗಾದರೂ ಎಚ್ಚರ ಬರಬೇಕು, ಒಳಿತಿನ ಕಡೆ ಒಂದು ಹೆಜ್ಜೆ ಇಡುವಂತಾಗಬೇಕು. ಎರಡೂ ಇದ್ದರೆ ಮಾತ್ರ ದೇವರು ಕೊಟ್ಟ ನೋವನ್ನು ನ್ಯಾಯ ಅನ್ನಬಹುದು.

ಪ್ರಾಣಿಗಳನ್ನೂ ಅವರು ಬಿಡಲಿಲ್ಲ. ನೊಂದ ಪ್ರಾಣಿಗೂ ಪರಿಹಾರ ಇದೆ ಎಂದರು. ಅದು ಈ ಲೋಕದಲ್ಲೋ, ತೀರ್ಪಿನ ದಿನದಲ್ಲೋ, ಸ್ವರ್ಗದಲ್ಲೋ ಅಂತ ಗಂಟೆಗಟ್ಟಲೆ ವಾದಿಸಿದರು. ಅವರ ಈ ಅಭಿಪ್ರಾಯಗಳನ್ನು ಜೋಪಾನವಾಗಿ ಬರೆದಿಟ್ಟವರಲ್ಲಿ ಅವರನ್ನು ಬಿಟ್ಟುಹೋದ ಅಶ್ಅರಿಯೂ ಒಬ್ಬರು. ಎದುರಾಳಿಯ ಮಾತನ್ನು ಅಷ್ಟು ಶ್ರದ್ಧೆಯಿಂದ ದಾಖಲಿಸಿದ್ದಕ್ಕೆ ನಾನು ಅವರಿಗೆ ಋಣಿ.

ಈ ಉತ್ತರ ನಿಮ್ಮ ವಾರ್ಡಿನಲ್ಲಿ ಕೂತ ತಾಯಿಗೆ ಸಮಾಧಾನ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಸಾವಿರ ವರ್ಷದ ಹಿಂದೆ ಗಡ್ಡ ಬೆಳೆಸಿದ ಪಂಡಿತರು ಒಂದು ಮಗುವಿನ ಅಳುವಿಗೆ ದೇವರನ್ನೇ ಹೊಣೆ ಮಾಡಿ ಲೆಕ್ಕ ಕೇಳಿದರು. ಅದು ನನಗೆ ದೊಡ್ಡದು.

ಕಡಲತಡಿ

ಇದು ನನಗೆ ಗೊತ್ತಿರಲಿಲ್ಲ. 'ಅವನು ಮಾಡುವುದನ್ನು ಯಾರೂ ಪ್ರಶ್ನಿಸುವಂತಿಲ್ಲ' ಅನ್ನುವ 21:23ನೇ ವಚನವನ್ನು ನಮ್ಮ ಕಡೆ ಹೇಳುತ್ತಾರೆ. 'ಅಲ್ಲಾಹ ಅಣುವಿನಷ್ಟೂ ಅನ್ಯಾಯ ಮಾಡುವುದಿಲ್ಲ' ಅನ್ನುವ 4:40 ಕೂಡ ಅದೇ ಗ್ರಂಥದಲ್ಲಿದೆ. ಎರಡನ್ನೂ ನಾನು ಬಾಯಿಪಾಠ ಮಾಡಿದ್ದೇನೆ. ಒಂದರ ಪಕ್ಕ ಒಂದು ಇಟ್ಟು ಯಾವತ್ತೂ ನೋಡಿರಲಿಲ್ಲ. ನಾನು ಅಶ್ಅರಿಯಾಗಿಯೇ ಉಳಿಯುತ್ತೇನೆ. ಮಗುವಿನ ವಿಷಯದಲ್ಲಿ ನನ್ನ ನಂಬಿಕೆ ಅವನ ಕರುಣೆಯ ಮೇಲೆ, ಅವನ ಸಾಲದ ಮೇಲೆ ಅಲ್ಲ. ಆದರೆ ಮದ್ರಸದ ಪಟ್ಟಿಯಲ್ಲಿ ಆ ಹೆಸರು ಓದುವಾಗ ಇನ್ನು ಮುಂದೆ ಬೇರೆ ತರಹ ಓದುತ್ತೇನೆ.

ಲೆಕ್ಕದಮೇಷ್ಟ್ರು

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ಇವರ ಅಣುವಾದ ನನ್ನನ್ನು ಸೆಳೆದಿತ್ತು. ವಸ್ತುವನ್ನು ಒಡೆಯುತ್ತಾ ಹೋದರೆ ಮುಂದೆ ಒಡೆಯಲಾಗದ ತುಣುಕಿಗೆ ಬಂದು ನಿಲ್ಲಲೇಬೇಕು ಎಂದ ಅಬುಲ್ ಹುದೈಲ್. ಅವನ ಸಂಬಂಧಿ, ಶಿಷ್ಯ ಅನ್ನಝ್ಝಾಮ್ ಇಲ್ಲ ಎಂದ, ಒಡೆಯುತ್ತಲೇ ಹೋಗಬಹುದು. ಹಾಗಾದರೆ ಕೊನೆಯಿಲ್ಲದಷ್ಟು ತುಣುಕುಗಳಿರುವ ಕಲ್ಲನ್ನು ಇರುವೆ ಹೇಗೆ ದಾಟುತ್ತದೆ? ನಡುವಿನ ಕೆಲವು ಜಾಗಗಳನ್ನು ಮುಟ್ಟದೆ ಜಿಗಿಯುತ್ತದೆ ಎಂದ ಅನ್ನಝ್ಝಾಮ್. ಮಕ್ಕಳಿಗೆ ಅನಂತ ಶ್ರೇಣಿ ಹೇಳಿಕೊಡುವಾಗಲೆಲ್ಲ ನನಗೆ ಈ ಇರುವೆ ನೆನಪಾಗುತ್ತದೆ. ಪ್ರಾಣಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದ ಅಲ್ ಜಾಹಿಝ್ ಇದೇ ಅನ್ನಝ್ಝಾಮನ ಶಿಷ್ಯ, ಬಸ್ರಾದವನೇ.

ಇನ್ನು ವಾಸಿಲ್. ಅವನಿಗೆ 'ರ' ಉಚ್ಚರಿಸಲು ಬರುತ್ತಿರಲಿಲ್ಲ. ಆದರೆ ಅವನು ಭಾಷಣಕಾರ. ಏನು ಮಾಡಿದ? 'ರ' ಇರುವ ಪದಗಳನ್ನೇ ಬಿಟ್ಟ. ಗೋಧಿಗೆ 'ಬುರ್' ಅನ್ನುವ ಬದಲು 'ಕಮ್ಹ್' ಅಂದ. ಮಳೆಗೆ 'ಮತರ್' ಅನ್ನುವ ಬದಲು 'ಗೈಸ್' ಅಂದ. ಇರಾಕಿನ ರಾಜ್ಯಪಾಲನ ಎದುರು 'ರ' ಇಲ್ಲದೆ ಅವನು ಮಾಡಿದ ಇಡೀ ಪ್ರವಚನ ಇವತ್ತಿಗೂ ಉಳಿದಿದೆ.

ಪ್ರಶ್ನೆಚಿಹ್ನೆ

ಮೇಷ್ಟ್ರೇ, ನೀವು ಹೇಳಿದ್ದು ಓದಿ ಕನ್ನಡದಲ್ಲಿ ಪ್ರಯತ್ನಿಸಿದೆ. ಎಷ್ಟು ಕಷ್ಟ ಗೊತ್ತಾ! 'ಅವರು' ಹೋಯಿತು. 'ಯಾರು' ಹೋಯಿತು. 'ದೇವರು' ಅನ್ನುವ ಪದವೇ ಹೋಯಿತು. ಅರ್ಧ ಗಂಟೆ ಕೂತು ಇಷ್ಟು ಬರೆದೆ:

'ನಮ್ಮ ತಪ್ಪು ನಮ್ಮದೇ. ಅದನ್ನು ಮೇಲಿನವನ ತಲೆಗೆ ಕಟ್ಟಬೇಡಿ. ಅವನು ಅನ್ಯಾಯ ಮಾಡುವವನಲ್ಲ. ಕಂದನ ನೋವಿಗೂ ಅವನ ಬಳಿ ಲೆಕ್ಕ ಉಂಟು.'

ಒಂದೂ 'ರ' ಇಲ್ಲ, ಒತ್ತಿನಲ್ಲೂ ಇಲ್ಲ. ವಾಸಿಲ್ ಇದನ್ನು ನಿಂತ ನಿಲುವಿನಲ್ಲಿ, ಗಂಟೆಗಟ್ಟಲೆ, ಎದುರಾಳಿಗಳ ಮುಂದೆ ಮಾಡುತ್ತಿದ್ದನಲ್ಲ.

ಕೋಟೆಬಾಗಿಲು

ಬೀದರ್ ಕಡೆಯವಳು. ನಮ್ಮ ಕಡೆ ಹೆಚ್ಚಿನವರು ಹನಫಿ. ಅಕೀದಾದಲ್ಲಿ ಸಮರ್ಕಂದಿನ ಅಲ್ ಮಾತುರೀದಿ (ತೀರಿಹೋದದ್ದು 944) ಅವರ ದಾರಿ. ಅವರು ಮುಅತಝಿಲಾವನ್ನು ಕಟುವಾಗಿ ಖಂಡಿಸಿದವರು. ಆದರೂ ಒಳಿತು ಕೆಡುಕನ್ನು ಬುದ್ಧಿ ತಿಳಿಯಬಲ್ಲದು ಅನ್ನುವ ಮಾತನ್ನು ಒಂದು ಮಟ್ಟಿಗೆ ಉಳಿಸಿಕೊಂಡರು. 'ಮುಅತಝಿಲಾ ಸತ್ತುಹೋಯಿತು' ಅನ್ನುವುದು ಪೂರ್ತಿ ನಿಜ ಅಲ್ಲ ಅಂತ ಇದಕ್ಕೇ ಹೇಳುವುದು.

ಝಮಖ್ಶರಿಯನ್ನೂ ಮರೆಯಬೇಡಿ. ಖ್ವಾರಝ್ಮಿನವರು (1075–1144). ಒಂದು ಕಾಲಿಲ್ಲ, ಮರದ ಕಾಲು. ಮಕ್ಕಾದಲ್ಲಿ ಬಹಳ ಕಾಲ ಇದ್ದು 'ಜಾರುಲ್ಲಾಹ್', ಅಂದರೆ ಅಲ್ಲಾಹನ ನೆರೆಮನೆಯವನು, ಅನ್ನಿಸಿಕೊಂಡರು. ಅವರು ಬರೆದ ಕುರ್‌ಆನ್ ವ್ಯಾಖ್ಯಾನ 'ಅಲ್ ಕಶ್ಶಾಫ್' ಮುಅತಝಿಲಾದ ವ್ಯಾಖ್ಯಾನವೇ. ಆದರೆ ಅರಬಿ ಭಾಷೆಯ ಸೂಕ್ಷ್ಮದಲ್ಲಿ ಅದನ್ನು ಮೀರಿಸಿದ್ದು ಇಲ್ಲ ಅಂತ ಸುನ್ನಿ ಪಂಡಿತರೂ ಒಪ್ಪಿದರು. ಬೈದಾವಿ ಅದನ್ನು ಆಧರಿಸಿ, ಒಪ್ಪದ ಜಾಗಗಳನ್ನು ತಿದ್ದಿ, ತಮ್ಮ ವ್ಯಾಖ್ಯಾನ ಬರೆದರು. ಅದೇ ಬೈದಾವಿಯನ್ನು ನಮ್ಮ ದೇಶದ ಮದ್ರಸಗಳಲ್ಲಿ ತಲೆಮಾರುಗಟ್ಟಲೆ ಓದಿಸಿದ್ದಾರೆ.

ಕಡಲತಡಿ

ನಮ್ಮ ದರ್ಸ್‌ಗಳಲ್ಲೂ ಬೈದಾವಿ ಇದೆ! ಅದರ ಹಿಂದೆ ಝಮಖ್ಶರಿ ಇದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ರಾತ್ರಿಪಾಳಿ

ಹಳೆಪುಟ ಅವರೇ, ಆ ಕೂಲಿಯವನ ಉದಾಹರಣೆ ಮನಸ್ಸಿನಿಂದ ಹೋಗುತ್ತಿಲ್ಲ. ಮಗುವಿನ ನೋವಿನ ಬಗ್ಗೆ ಅವರು ಬರೆದ ಪುಸ್ತಕ ಈಗಲೂ ಇದೆಯಾ? ಪಂಥ ಹೋದ ಮೇಲೆ ಪುಸ್ತಕಗಳೂ ಹೋಗಿರಬೇಕಲ್ಲ?

ಹಳೆಪುಟ

ಹೆಚ್ಚಿನವು ಹೋದವು. ವಾಸಿಲ್, ಅಬುಲ್ ಹುದೈಲ್, ಅನ್ನಝ್ಝಾಮ್ ಏನು ಹೇಳಿದರು ಅಂತ ನಮಗೆ ಗೊತ್ತಿರುವುದು ಬಹುಪಾಲು ಬೇರೆಯವರು ಬರೆದಿಟ್ಟದ್ದರಿಂದ, ಅದರಲ್ಲೂ ವಿರೋಧಿಗಳಿಂದ. ಆದರೆ ಕೆಲವು ಅಚ್ಚರಿಯ ಜಾಗಗಳಲ್ಲಿ ಉಳಿದವು. ಕೈರೋದ ಕರಾಯಿ ಯಹೂದಿಗಳು ಈ ಪುಸ್ತಕಗಳನ್ನು ಇಷ್ಟಪಟ್ಟು ನಕಲು ಮಾಡಿಕೊಂಡಿದ್ದರು. ಅವುಗಳಲ್ಲಿ ಹಲವು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಗ್ರಂಥಾಲಯದಲ್ಲಿವೆ. ಶಿಯಾ ಪಂಡಿತರು ಬಹಳಷ್ಟನ್ನು ತಮ್ಮದಾಗಿಸಿಕೊಂಡರು. ಇವತ್ತಿಗೂ ಶಿಯಾ ಮೂಲನಂಬಿಕೆಗಳಲ್ಲಿ 'ಅದ್ಲ್', ಅಂದರೆ ದೇವರ ನ್ಯಾಯ, ಒಂದು. ಯಮನಿನ ಬೆಟ್ಟಗಳಲ್ಲಿದ್ದ ಝೈದಿ ಶಿಯಾಗಳಂತೂ ಇಡೀ ಚಿಂತನೆಯನ್ನೇ ಒಪ್ಪಿಕೊಂಡು ಹಸ್ತಪ್ರತಿಗಳನ್ನು ನೂರಾರು ವರ್ಷ ಕಾಪಾಡಿದರು.

ನೀವು ಕೇಳಿದ ಪುಸ್ತಕ ಅಲ್ಲೇ ಸಿಕ್ಕಿದ್ದು. ಬರೆದವರು ಖಾಝಿ (ನ್ಯಾಯಾಧೀಶ) ಅಬ್ದುಲ್ ಜಬ್ಬಾರ್. ಇರಾನಿನ ರೈ ಪಟ್ಟಣದಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದರು, 1025ರಲ್ಲಿ ತೀರಿಕೊಂಡರು. 'ಅಲ್ ಮುಗ್ನಿ' ಅನ್ನುವ 20 ಸಂಪುಟಗಳ ಗ್ರಂಥವನ್ನು ಸುಮಾರು 20 ವರ್ಷ ಶಿಷ್ಯರಿಗೆ ಹೇಳಿ ಬರೆಸಿದರು. ಅದು ಕಳೆದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. 1950ರ ದಶಕದ ಶುರುವಿನಲ್ಲಿ ಈಜಿಪ್ಟಿನಿಂದ ಯಮನಿನ ಸನಾಗೆ ಹೋದ ವಿದ್ವಾಂಸರಿಗೆ ಅಲ್ಲಿ 14 ಸಂಪುಟಗಳು ಸಿಕ್ಕವು. ಆಮೇಲೆ ಕೈರೋದಲ್ಲಿ ಅಚ್ಚಾದವು.

ನೋವು, ಅದರ ಪರಿಹಾರ, ಮಕ್ಕಳು, ಪ್ರಾಣಿಗಳು, ಇವೆಲ್ಲ ಬರುವುದು 13ನೆಯ ಸಂಪುಟದಲ್ಲಿ. ಅದು ಸಿಕ್ಕ 14ರಲ್ಲಿ ಇದೆ.

ರಾತ್ರಿಪಾಳಿ

13. ಬರೆದಿಟ್ಟುಕೊಂಡೆ. ಅರಬಿ ಬರುವುದಿಲ್ಲ. ಕಡಲತಡಿ ಅವರೇ, ನಿಮಗೆ ಬರುತ್ತದೆ ಅಲ್ವಾ? ಆ ಭಾಗದ ನಾಲ್ಕು ಪುಟ ಓದಿ ಕನ್ನಡದಲ್ಲಿ ಹೇಳುತ್ತೀರಾ?

ಕಡಲತಡಿ

ಹೇಳುತ್ತೇನೆ. ರಮಝಾನ್ ಮುಗಿಯಲಿ. ಕಷ್ಟದ ಅರಬಿ ಇರುತ್ತದೆ, ನನ್ನ ಉಸ್ತಾದರ ಹತ್ತಿರವೇ ಕೂತು ಓದುತ್ತೇನೆ.